ಎಣ್ಣೆ ತಲೆಗೆ ಬಾಗದ ನೀರು

ಇವತ್ತು ಬೆಳಿಗ್ಗೆ ಪಾತ್ರೆ ತೊಳೆಯಲು ನಿಂತರೆ ನಲ್ಲಿಯ ನೀರು ದಾರದಷ್ಟು ಸಣ್ಣಗೆ ಇಳಿಯುತ್ತಿತ್ತು. ವೇಳಚೇರಿಯಲ್ಲಿ ಇದು ಹೊಸತಲ್ಲ. ಮಳೆಗಾಲದಲ್ಲಿ ಕರೆಯದೆಯೇ ಮೆಟ್ಟಿಲು ಹತ್ತಿ ಬರುವ ನೀರು ಉಳಿದ ದಿನ ನಲ್ಲಿಗೇ ಬರುವುದಿಲ್ಲ. ಬೇರೆಯವರಾದರೆ ಬೈದುಕೊಳ್ಳುತ್ತಿದ್ದರು. ನಾನು ಒಬ್ಬಳೇ ನಿಂತು ನಕ್ಕೆ. ಯಾಕೆಂದು ಹೇಳುತ್ತೇನೆ, ಕೇಳಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹೋಟೆಲಿನಲ್ಲಿ ಅಡಿಗೆಗಿದ್ದ ಇವರನ್ನು ಮದುವೆಯಾಗಿ ಕುಂದಾಪುರದ ಕಡೆಯಿಂದ ಈ ತಮಿಳು ಊರಿಗೆ ಬಂದವಳು. ಊರು ಬಿಟ್ಟರೂ ತಲೆಗೆ ತೆಂಗಿನೆಣ್ಣೆ ಹಚ್ಚುವುದನ್ನು ಬಿಡಲಿಲ್ಲ. ನನ್ನ ತಲೆಗೆ ಮಾತ್ರವಲ್ಲ, ಕೈಗೆ ಸಿಕ್ಕಿದ ತಲೆಗೆಲ್ಲ. ಮೊಮ್ಮಗಳು ನಿಧಿಯನ್ನು ಎಣ್ಣೆ ಹಚ್ಚಿ ಜಡೆ ಬಿಗಿಯದೆ ಶಾಲೆಗೆ ಕಳಿಸಿದ್ದೇ ಇಲ್ಲ.

ಎರಡು ವರ್ಷದ ಹಿಂದೆ ಪ್ಲಸ್ ಒನ್‌ನಲ್ಲಿ, ಅಂದರೆ ಹನ್ನೊಂದನೇ ಕ್ಲಾಸಿನಲ್ಲಿ, ಅವಳು ಕೆಮಿಸ್ಟ್ರಿಯಲ್ಲಿ ಫೇಲಾದಳು. ಸೈನ್ಸೇ ಬೇಡ, ಕಾಮರ್ಸಿಗೆ ಹೋಗುತ್ತೇನೆ ಎಂದು ಹಟ ಹಿಡಿದಳು. ಟೀಚರು, ಸೋಮವಾರ ಕ್ಲಾಸಿನ ಮುಂದೆ ಒಂದು ಪ್ರಯೋಗ ಮಾಡಿ ವಿವರಿಸು, ಆಮೇಲೆ ಯೋಚಿಸು ಎಂದರಂತೆ. ಭಾನುವಾರ ಬೆಳಿಗ್ಗೆಯೇ ನನ್ನನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಬಂದಳು.

"ಪಾರು ಅಜ್ಜಿ, ತಲೆ ಬಾಚಿ ಈ ಬಾಚಣಿಗೆ ಹತ್ರ ಹಿಡಿದ್ರೆ ನೀರು ಬಾಗತ್ತೆ."

ಬಾಚಿದಳು, ಹಿಡಿದಳು. ನೀರು ನೆಟ್ಟಗೆ ಇಳಿಯಿತು. ನನ್ನ ತಲೆಯನ್ನೂ ಬಾಚಿ ನೋಡಿದಳು. ಊಹುಂ.

"ಪೋದುಂ, ಸಾಕು! ನಂಗೆ ಇದು ಬರಲ್ಲ" ಎಂದು ಬಾಚಣಿಗೆ ಬಿಸಾಡಿ ಅತ್ತಳು.

ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಬೈಯಲು ಬರುತ್ತದೆ. "ಬಿಸಾಡುದು ಯಂತಕ್ಕೆ? ಇಡೀ ಬಾಚಣಿಗೆ ಎಣ್ಣೆಜಿಡ್ಡು. ಮೊದ್ಲು ಸೋಪು ಹಾಕಿ ತೊಳಿ" ಎಂದೆ.

ಅಳು ನಿಂತಿತು. ಪುಸ್ತಕ ತೆಗೆದು ನೋಡಿದಳು. "ಅಜ್ಜಿ, ಒಣ ಕೂದಲು ಬೇಕು ಅಂತ ಹಾಕಿದಾರೆ! ಎಲ್ಲಾ ನಿನ್ನ ಎಣ್ಣೆ ಕೆಲಸ!"

"ನನ್ನ ಎಣ್ಣೆಗೆ ಹೇಳ್ಬೇಡ ಮಾರಾಯ್ತಿ" ಎಂದೆನಾದರೂ, ಇಬ್ಬರೂ ಅಂಟುವಾಳದ ನೊರೆಯಲ್ಲಿ ತಲೆಯನ್ನೂ ಬಾಚಣಿಗೆಯನ್ನೂ ತಿಕ್ಕಿ ತೊಳೆದು ತಾರಸಿಯ ಬಿಸಿಲಿಗೆ ಕೂತೆವು. ಕೂದಲು ಒಣಗುವವರೆಗೆ ಅವಳು ನನಗೆ ಪಾಠ ಮಾಡಿದಳು.

"ನೀರಿನ ಒಂದೊಂದು ಕಣದಲ್ಲೂ ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಎಲೆಕ್ಟ್ರಾನು ಅವರ ಚಾದರ ಅಂದ್ಕೋ. ಆಕ್ಸಿಜನ್ ನಮ್ಮ ಅಜ್ಜನ ಥರ, ಚಾದರನ ತನ್ನ ಕಡೆಗೇ ಎಳ್ಕೊಳ್ಳತ್ತೆ. ಅದಕ್ಕೆ ಆ ಕಡೆ ಸ್ವಲ್ಪ ಮೈನಸ್ಸು, ಈ ಕಡೆ ಸ್ವಲ್ಪ ಪ್ಲಸ್ಸು."

"ಹಾಗಾದ್ರೆ ನಾನು ಹೈಡ್ರೋಜನ್ನು."

ಪಕ್ಕದಲ್ಲಿ ಪೇಪರು ಓದುತ್ತಿದ್ದ ಇವರು ತಲೆಯೆತ್ತಿದರು. "ನಾನ್ಯಾವಾಗ ಎಳ್ದೆ?"

"ಒಂದು ಕಣದ ಪ್ಲಸ್ಸು ಪಕ್ಕದ್ದರ ಮೈನಸ್ಸನ್ನ ಹಿಡ್ಕೊಳ್ಳತ್ತೆ. ಅದಕ್ಕೇ ಹನಿ ಗುಂಡಗೆ ನಿಲ್ಲೋದು. ಎಣ್ಣೇಲಿ ಚಾದರ ಹೆಚ್ಚುಕಡಿಮೆ ಸಮಪಾಲು, ಜಗ್ಗಾಟ ಕಮ್ಮಿ. ಅದಕ್ಕೇ ನೀರು ಅದನ್ನ ಸೇರಿಸ್ಕೊಳ್ಳಲ್ಲ. ಒಣ ಕೂದಲು ಬಾಚಿದ್ರೆ ಬಾಚಣಿಗೆಗೂ ಮೈನಸ್ಸು ಅಂಟತ್ತೆ, ಅದು ನೀರಿನ ಪ್ಲಸ್ಸನ್ನ ಎಳೆಯತ್ತೆ."

ಕೆಳಗೆ ಬಂದು ನನ್ನ ಬಿಳಿ ಕೂದಲನ್ನೇ ಬಾಚಿದಳು. ಬಾಚಣಿಗೆ ಚಟಚಟ ಅಂದಿತು. ನಲ್ಲಿಯ ಹತ್ತಿರ ಒಯ್ದದ್ದೇ, ನೀರು ಸೊಂಟ ಬಾಗಿಸಿ ಅದರ ಕಡೆ ವಾಲಿತು! ನಾನು ಕೂಗಿದ್ದಕ್ಕೆ ಇವರು ಗಾಬರಿಯಾಗಿ ಓಡಿ ಬಂದರು. ಎಣ್ಣೆಯನ್ನೂ ಸಣ್ಣಗೆ ಸುರಿದು ನೋಡಿದೆವು. ಅದು ಜಗ್ಗಲೇ ಇಲ್ಲ.

ಸೋಮವಾರ ಮೊದಲ ಸಲ ಎಣ್ಣೆ ಹಚ್ಚದೆ ಕಳಿಸಿದೆ. ದಿನವಿಡೀ ನನಗೆ ಯಾವ ಕೆಲಸಕ್ಕೂ ಕೈ ಓಡಲಿಲ್ಲ. ಸಂಜೆ ಅವಳು ಬಾಗಿಲಲ್ಲಿ ಶೂ ಸಹ ಬಿಚ್ಚದೆ, "ಅಜ್ಜಿ, ಇನ್ನೊಂದು ಸೆಕ್ಷನ್ನಿಗೂ ಬಂದು ತೋರ್ಸು ಅಂದ್ರು ಟೀಚರ್!" ಎಂದಳು. ಕಾಮರ್ಸಿನ ಮಾತು ಮತ್ತೆ ನಮ್ಮ ಮನೆಯಲ್ಲಿ ಕೇಳಲಿಲ್ಲ.

ಈ ವಾರ ಅವಳಿಗೆ ಕಾಲೇಜಿನಲ್ಲಿ ಕೆಮಿಸ್ಟ್ರಿಗೇ ಸೀಟು ಸಿಕ್ಕಿದೆ. ಪಾತ್ರೆ ಮುಗಿಸಿ, ತರಕಾರಿ ತಂದು ಲಿಫ್ಟು ಹತ್ತಿದಾಗ ನಮಗಿಂತ ಕೆಳಗಿನ ಮಹಡಿಯ ಮಾಮಿ ಕೇಳಿದರು, ಮೊಮ್ಮಗಳು ಡಾಕ್ಟರೋ ಇಂಜಿನಿಯರೋ ಎಂದು. ನನ್ನ ಹರಕು ತಮಿಳಿನಲ್ಲೇ ಹೇಳಿದೆ: ಎರಡೂ ಅಲ್ಲ, ನೀರು ನೀರನ್ನು ಯಾಕೆ ಹಿಡಿದುಕೊಳ್ಳುತ್ತದೆ ಎಂದು ಓದುತ್ತಾಳೆ.

"ಯಾಕೆ?" ಎಂದರು ಮಾಮಿ. ಅಷ್ಟರಲ್ಲಿ ಅವರ ಮಹಡಿ ಬಂತು, ಇಳಿದರು. ನನ್ನದು ಇನ್ನೂ ಎರಡು ಮಹಡಿ ಮೇಲೆ. ತರಕಾರಿ ಚೀಲ ಹಿಡಿದುಕೊಂಡು ನಾನೂ ಅವರ ಹಿಂದೆಯೇ ಇಳಿದೆ.