ಮೇಲಿನ ಮನೆಯ ಮುಖೇಶರ ಸುಲಭ ಭಾಷೆ

"ಅಮ್ಮ, ಮುಖೇಶ್ ಮಾಮ ಕಂಪ್ಯೂಟರಿನ ಹತ್ರ ಇಡೀ ದಿನ ಎಂತ ಕೇಳುದು?" ಎಂದು ಮಗಳು ಪ್ರಾಪ್ತಿ ಇವತ್ತು ಕೇಳಿದಳು. ಮಂಗಳೂರಿನ ಜೆಪ್ಪುವಿನಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಮುಖೇಶರಿಗೆ ಕೇಳುವುದೇ ಕೆಲಸ. ಡೇಟಾಬೇಸನ್ನು ಪ್ರಶ್ನಿಸಲು ಪಂಡಿತರಿಗಷ್ಟೇ ಬರುವ ಭಾಷೆಯೊಂದಿದೆಯಂತೆ. ಅದನ್ನು ವೆಬ್‌ಸೈಟ್ ಮಾಡುವವರ ಕೈಗೆ ಒಗ್ಗಿಸುವುದು ಅವರ ಹಟ. "ಕೇಳ್ಲಿಕ್ಕೆ ಹೆದರಿಕೆ ಆಗಬಾರ್ದು ಮಾರಾಯ್ರೆ" ಎನ್ನುತ್ತ ದಿನಕ್ಕೊಂದು ಚಿಹ್ನೆ ಕಿತ್ತುಹಾಕುತ್ತಾರೆ. ಮೀನು ಮಾರುವ ಹೇಮಾಕ್ಷಿಯನ್ನೂ ಕೂರಿಸಿ ಪರೀಕ್ಷಿಸಿದ್ದಾರೆ, "ಬಂಗುಡೆ ಉಂಟಾ ಅಂತ ಇದ್ರ ಹತ್ರ ಕೇಳುದಾ?" ಎಂದು ಅವಳು ನಕ್ಕಿದ್ದಳು. ಅವರ ಉದಾಹರಣೆಗಳೆಲ್ಲ ಸ್ವಂತ ಕುಟುಂಬದವೇ: ಯಾರು ಯಾರ ಅಣ್ಣ, ಯಾರ ಬರಿ, ಅಂದರೆ ನಮ್ಮ ಕಡೆಯ ಗೋತ್ರ, ಯಾವುದು. ತೀರಿಕೊಂಡವರನ್ನೂ ಅಳಿಸಿಲ್ಲ. ನಾಲ್ಕು ವರ್ಷಕ್ಕೇ ಹೋದ ತಮ್ಮ ದೀಪೇಶನಿಗೆ ಅಲ್ಲಿ ವಯಸ್ಸು ಏರುತ್ತಲೇ ಇದೆ, ಈಗ ಇಪ್ಪತ್ತೆಂಟು. ಮದುವೆಯಾಗದೆ ಸತ್ತವರಿಗೆ ಸತ್ತವರನ್ನೇ ಹುಡುಕಿ ಮದುವೆ ಮಾಡಿಸುವುದು ನಮ್ಮ ಕಡೆಯ ಪದ್ಧತಿ. ದೀಪೇಶನಿಗೆ ಅದಾಗದೆ ಮುಖೇಶರ ತಾಯಿಗೆ ನೆಮ್ಮದಿಯಿಲ್ಲ. ಮಧ್ಯಾಹ್ನ ನಾನು ಬಟ್ಟೆ ಒಣಗಿಸುತ್ತಿದ್ದಾಗ ಮುಖೇಶರು ಲ್ಯಾಪ್‌ಟಾಪ್ ಹಿಡಿದು ಬಂದರು. ಒಂದೇ ಸಾಲಿನ ಪ್ರಶ್ನೆ, ಪ್ರಾಪ್ತಿಯೂ ಓದಬಹುದಾದಷ್ಟು ಸರಳ: "ದೀಪೇಶನಿಗೆ ಹೆಣ್ಣು, ಬೇರೆ ಬರಿ, ತೀರಿಕೊಂಡವಳು." ಕೆಳಗೆ ಉತ್ತರದ ಜಾಗ ಖಾಲಿಯಿತ್ತು. "ಅಕ್ಕ," ಎಂದರು ಮೆಲ್ಲಗೆ, "ಹುಟ್ಟಿದ ವಾರದಲ್ಲೇ ಹೋದ ನಿಮ್ಮ ತಂಗಿಗೆ ಹೆಸರೇ ಇಟ್ಟಿರ್ಲಿಲ್ಲ ಅಂತ ನಿಮ್ಮಮ್ಮ ಹೇಳಿದ್ರು. ನೀವೊಂದು ಹೆಸರು ಇಡ್ತೀರಾ?"