ಭಾವನ ಕೋವಿ, ನನ್ನ ಗಸಗಸೆ

ನನ್ನ ಗಂಡನ ಅಣ್ಣ ಜಯಕರ ಭಾವನ ಕೋವಿ ಹೋದದ್ದು ನನ್ನಿಂದ. ಕೋವಿಯ ಜೊತೆ ಮುಂಬಯಿಯ ಕೆಲಸ ಹೋಯಿತು, ಊರಿನಲ್ಲಿದ್ದ ಮರ್ಯಾದೆಯೂ ಹೋಯಿತು. ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ಅವರ ಚೀಲದೊಳಗೆ ಸಿಕ್ಕಿದ ಅಮಲು ಪದಾರ್ಥ ಅವರದಲ್ಲ, ನನ್ನದು. ಏನದು ಅಂತೀರಾ? ಗಸಗಸೆ. ಹೌದು — ಪಾಯಸಕ್ಕೆ ಹಾಕುವ ಗಸಗಸೆ. ನಗುವವರು ಈಗಲೇ ನಕ್ಕು ಮುಗಿಸಿ, ಆಮೇಲೆ ಓದಿ.

ಇದನ್ನು ಬರೆಯಬೇಡ ಎಂದು ನನ್ನ ಗಂಡ ಸುಧಾಕರ ಹೇಳಿಯಾಗಿದೆ. "ಖಲಾಸ್ ಆದ ವಿಷಯ. ಪುನಃ ಯಾಕೆ ಕೆದಕುದು?" ಎನ್ನುತ್ತಾರೆ. ಮಗಳು ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಇವರಿಗೆ ಖಲಾಸ್ ಆಗಿರಬಹುದು. ಕೋವಿ ಕಳೆದುಕೊಂಡವರು ಇವರಲ್ಲವಲ್ಲ.

ಕುವೈತ್ ಯುದ್ಧಕ್ಕಿಂತ ಮುಂಚಿನ ಮಾತು. ಸುಧಾಕರ ಮಸ್ಕತ್ತಿನ ಹೊರವಲಯದ ರುಸೈಲಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್, ನಮ್ಮ ವಾಸ ಅಲ್ ಖೌದಿನಲ್ಲಿ ಒಂದು ಅಂಗಡಿಯ ಮೇಲಿನ ಫ್ಲ್ಯಾಟಿನಲ್ಲಿ. ಆಗಾಗ ಶುಕ್ರವಾರದ ರಜೆಯಲ್ಲಿ ನಾವು ಕರಾವಳಿಯ ನಾಲ್ಕಾರು ಸಂಸಾರಗಳು ಯಾರದಾದರೂ ಮನೆಯಲ್ಲಿ ಸೇರಿ ಉಣ್ಣುತ್ತಿದ್ದೆವು. ಊಟ ಅಂದರೆ ಬರೀ ಊಟವೇ? ಯಾರ ಕೈರುಚಿ ಹೆಚ್ಚು ಎಂದು ಹೆಂಗಸರೊಳಗೆ ಬಾಯಿಬಿಡದ ಜಿದ್ದು. ಎದುರು ಫ್ಲ್ಯಾಟಿನ ಲವೀನಾ, ಮಂಗಳೂರಿನ ಕೊಂಕಣಿಯವಳು, ಒಂದು ಸಲ ಸನ್ನ ಎಂಬ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಕಡುಬು ಮಾಡಿದಳು — ಅಷ್ಟು ಮೃದು, ನನ್ನ ಗಂಡನೇ ಮೂರನೆಯ ಸಲ ಕೇಳಿ ಹಾಕಿಸಿಕೊಂಡರು. ನನಗೆ ಹೊಟ್ಟೆ ಉರಿಯಿತು. "ರಜೆ ಮುಗಿಸಿ ಬಂದ ಮೇಲೆ ನಮ್ಮ ಮನೆಯಲ್ಲಿ ಊಟ. ಗಸಗಸೆ ಪಾಯಸ ಮಾಡಿ ಬಡಿಸ್ತೇನೆ" ಎಂದುಬಿಟ್ಟೆ.

"ಗಸಗಸೆಯಾ?" ಲವೀನಾ ಕಣ್ಣರಳಿಸಿದಳು. "ಅದನ್ನು ಇಲ್ಲಿ ಬಿಡುದಿಲ್ಲ ಮಾರಾಯ್ತಿ, ಅಮಲಿನದ್ದು ಅಂತ ಲೆಕ್ಕ. ನಮ್ಮದನ್ನು ಏರ್‌ಪೋರ್ಟಲ್ಲೇ ಬಿಸಾಡಿದ್ರು. ಪುಣ್ಯಕ್ಕೆ ಬೈದು ಬಿಟ್ರು."

ಆದ್ದರಿಂದ ಗೊತ್ತಿರಲಿಲ್ಲ ಎನ್ನುವ ದಾರಿ ನನಗಿಲ್ಲ. ಗೊತ್ತಿತ್ತು. ಪಾಯಸಕ್ಕೆ ಹಾಕುವ ಕಾಳು ಅಮಲು ಎನ್ನುವುದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಗೊತ್ತಿತ್ತು.

ಆ ಬೇಸಿಗೆಯಲ್ಲಿ ಊರಿಗೆ ಹೋದೆವು. ಭಾವ ಆಗ ಮಿಲಿಟರಿ ಬಿಟ್ಟು ಬಂದು ಮನೆಯಲ್ಲಿದ್ದರು. ಗದ್ದೆಗೆ ಹಂದಿ ಬರುತ್ತದೆಂದು ಒಂದು ಜೋಡಿ ನಳಿಗೆಯ ಕೋವಿ ತೆಗೆದುಕೊಂಡಿದ್ದರು. ಹಂದಿ ಹೊಡೆದದ್ದಕ್ಕಿಂತ ಎಣ್ಣೆ ಹಾಕಿ ಒರೆಸಿದ್ದೇ ಹೆಚ್ಚು. ಸುಧಾಕರ ತಮ್ಮ ಕಫೀಲನ, ಅಂದರೆ ವೀಸಾ ಕೊಡುವ ಅರಬಿ ಧಣಿಯ, ಕೈಕಾಲು ಹಿಡಿದು ಅಣ್ಣನಿಗೆ ಅದೇ ಕಾರ್ಖಾನೆಯಲ್ಲಿ ಸೆಕ್ಯುರಿಟಿಯ ವೀಸಾ ತೆಗೆಸಿದ್ದರು. ನಾವು ಮೊದಲು ಹಿಂದಿರುಗುವುದು, ಭಾವ ಆಮೇಲೆ ಬರುವುದು ಎಂದಾಯಿತು. ಅವರು ತರಬೇಕಾದ ಕಟ್ಟುಗಳನ್ನು ನಾನೇ ಕಟ್ಟಿಟ್ಟೆ. ಅವಲಕ್ಕಿಯ ಚೀಲದ ಮಧ್ಯದಲ್ಲಿ ಗಸಗಸೆಯ ಪೊಟ್ಟಣ ಹುಗಿಸಿ ಬಾಯಿ ಹೊಲಿದೆ.

"ಇಷ್ಟು ಹೊಲಿದದ್ದು ಎಂತಕ್ಕೆ?" ಎಂದು ಭಾವ ಕೇಳಿದರು.

"ಮಕ್ಕಳಿಗೆ ಅವಲಕ್ಕಿ ಭಾವ. ಇರುವೆ ಹೋಗ್ಬಾರ್ದಲ್ಲ" ಎಂದೆ.

ನನ್ನ ಪೆಟ್ಟಿಗೆಯಲ್ಲೇ ಯಾಕೆ ಒಯ್ಯಲಿಲ್ಲ? ಹೆದರಿಕೆ. ಮಿಲಿಟರಿಯವರ ಚೀಲವನ್ನು ಯಾರು ಬಿಚ್ಚಿ ನೋಡುತ್ತಾರೆ ಎಂಬ ಲೆಕ್ಕಾಚಾರ. ಸಿಕ್ಕಿಬಿದ್ದರೆ ಅವರು ಬೀಳಲಿ ಎಂದು ಯೋಚಿಸಲಿಲ್ಲ, ನಿಜ — ಆದರೆ ನಾನು ಬೀಳಬಾರದು ಎಂದು ಯೋಚಿಸಿದ್ದೆನಲ್ಲ...

ಬಿಚ್ಚಿ ನೋಡಿದರು. ಸುಧಾಕರ ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣದ ಹೊರಗೆ ಕಾದು ಕಾದು ಒಬ್ಬರೇ ಮನೆಗೆ ಬಂದರು. ಕಫೀಲ್ ಹೋಗಿ ವಿಚಾರಿಸಿದ ಮೇಲೆ ವಿಷಯ ತಿಳಿಯಿತು. ಕಫೀಲನನ್ನು ಕಂಡು ಬಂದ ಸುಧಾಕರ ಬಾಗಿಲು ದಾಟುವಾಗಲೇ ಕೇಳಿದರು, "ಅವಲಕ್ಕಿ ಕಟ್ಟಿದ್ದು ನೀನಲ್ವಾ? ಅದರಲ್ಲಿ ಗಸಗಸೆ ಹಾಕಿದ್ದು ಯಾರು?"

"ಅತ್ತೆ ಹಾಕಿರ್ಬೇಕು" ಎಂದೆ.

ಅಷ್ಟೇ. ತಡವರಿಸಲೂ ಇಲ್ಲ. ಅಯ್ಯೋ ದೇವರೇ, ಆ ಸುಳ್ಳು ಎಷ್ಟು ಸಲೀಸಾಗಿ ಬಂತು! ಅಲ್ಲಿನ ಪೊಲೀಸರು ಕೆಲವು ದಿನ ಒಳಗಿಟ್ಟು, ಕಫೀಲ್ ಅವರಿವರಲ್ಲಿ ಮಾತಾಡಿದ ಮೇಲೆ ಭಾವನನ್ನು ಹಾಗೇ ಊರಿಗೆ ಕಳಿಸಿಬಿಟ್ಟರು. ಪಾಸ್‌ಪೋರ್ಟಿನಲ್ಲಿ ಗಡೀಪಾರಿನ ಮುದ್ರೆ ಬಿತ್ತು. ನನ್ನ ಸುಳ್ಳನ್ನು ಸುಧಾಕರ ನಿಜವೆಂದೇ ನಂಬಿ ಅಣ್ಣನಿಗೆ ಮುಟ್ಟಿಸಿದ್ದರು. ಊರಿಗೆ ಹೋದವರು ನನ್ನ ಅತ್ತೆಯನ್ನು, ಅಂದರೆ ತಮ್ಮ ಹೆತ್ತ ತಾಯಿಯನ್ನು, ಬೈದರಂತೆ. "ನಾನು ಹಾಕಲಿಲ್ಲ ಮಗಾ" ಎಂದು ಅತ್ತೆ ಹೇಳಿದರಂತೆ. ಭಾವ ನಂಬಲಿಲ್ಲ. ಆಮೇಲೆ ಅವರ ಮಧ್ಯೆ ಮೊದಲಿನ ಹಾಗೆ ಮಾತುಕತೆ ನಡೆಯಲೇ ಇಲ್ಲ. ಎರಡು ವರ್ಷ ಕಳೆದು ಅತ್ತೆ ತೀರಿಕೊಂಡರು.

ಇನ್ನು ಕೋವಿಯ ವಿಷಯ. ಮುಂಬಯಿಯಲ್ಲಿ ನಮ್ಮೂರಿನವರದೇ ಒಂದು ಚಿನ್ನದ ಅಂಗಡಿಗೆ ಕಾವಲಿನವರು ಬೇಕಿತ್ತು — ಸ್ವಂತ ಕೋವಿ, ಲೈಸೆನ್ಸ್ ಇದ್ದವರೇ ಆಗಬೇಕು. ಭಾವನ ಲೈಸೆನ್ಸ್ ನಮ್ಮ ಜಿಲ್ಲೆಗೆ ಮಾತ್ರ ಇದ್ದದ್ದು. ಹೊರರಾಜ್ಯಕ್ಕೆ ಒಯ್ಯಲು ಬೇರೆ ಅನುಮತಿ, ಅದಕ್ಕೆ ಪೊಲೀಸ್ ವಿಚಾರಣೆ. ಗಲ್ಫಿನಿಂದ ಯಾಕೆ ಕಳಿಸಿದರು ಎಂದು ಇನ್‌ಸ್ಪೆಕ್ಟರ್ ಕೇಳಿದಾಗ ಭಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಮ್ಮ ಹಾಕಿದ್ದು ಎಂದರು. "ಸತ್ತವರ ಮೇಲೆ ಹಾಕುದು ಸುಲಭ. ಬದುಕಿದವರು ಯಾರಾದ್ರೂ ಬರೆದು ಕೊಡ್ಲಿ" ಎಂದರಂತೆ ಇನ್‌ಸ್ಪೆಕ್ಟರ್.

ಅಲ್ ಖೌದಿನ ನಮ್ಮ ಮನೆಗೆ ಭಾವ ಫೋನ್ ಮಾಡಿದರು. ನಾನೇ ಎತ್ತಿದೆ. ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ.

"ವನಜಾ, ಅಮ್ಮ ಅದನ್ನು ಹಾಕುದು ನೀನು ಕಂಡಿದ್ದಿ ಅಂತ ಎರಡು ಸಾಲು ಬರೆದು ಕಳಿಸ್ತೀಯಾ? ಇಲ್ಲದಿದ್ರೆ ಊರಿನ ಲೈಸೆನ್ಸೂ ಹೋಗ್ತದೆ."

ಅವರು ಕೇಳಿದ್ದು ನನ್ನ ಸುಳ್ಳಿಗೆ ನನ್ನದೇ ಸಾಕ್ಷಿ. ನಾನು ನಿಜ ಹೇಳಬಹುದಿತ್ತು. ಆದರೆ ಮಸ್ಕತ್ತಿನಲ್ಲಿ ಕೂತು, ಆ ಪೊಟ್ಟಣದ ಜೊತೆ ನನ್ನ ಹೆಸರು ಸೇರಿಸಿ ಬರೆದರೆ... ಗಂಡನ ಕೆಲಸ, ಮಕ್ಕಳ ಶಾಲೆ — ಆ ಹೆದರಿಕೆ ಸುಳ್ಳಲ್ಲ. ಅದನ್ನು ನೆಪ ಮಾಡಿ ನಿಮ್ಮ ಮುಂದೆ ಇಡುತ್ತಲೂ ಇಲ್ಲ.

"ನಾನು ನೋಡಲಿಲ್ಲ ಭಾವ" ಎಂದೆ.

"ಆಯ್ತು, ಇಡ್ತೇನೆ" ಎಂದರು ಅವರು. ನಾನು ಒಲೆಯ ಹತ್ತಿರ ಹೋಗಿ ಸಾಸಿವೆ ಹಾಕಿದೆ.

ಹೊರರಾಜ್ಯದ ಅನುಮತಿ ಸಿಗಲಿಲ್ಲ. ಇದ್ದ ಲೈಸೆನ್ಸೂ ರದ್ದಾಗಿ ಕೋವಿ ಠಾಣೆ ಸೇರಿತು. ಅನುಮತಿ ಕೇಳದೇ ಇದ್ದಿದ್ದರೆ ಯಾರೂ ಕೆದಕುತ್ತಿರಲಿಲ್ಲವೋ ಏನೋ. ಭಾವ ಮುಂಬಯಿಗೇನೋ ಹೋದರು, ಒಂದು ಬಿಲ್ಡಿಂಗಿನ ಗೇಟಿನಲ್ಲಿ ಕೋಲು ಹಿಡಿದು ನಿಲ್ಲಲು. ಊರಿನಲ್ಲಿ ಅವರ ಬೆನ್ನ ಹಿಂದೆ 'ಗಾಂಜಾ ಕೇಸಿನವರು' ಎಂದಾಯಿತು.

ಕಳೆದ ರಜೆಯಲ್ಲಿ ಅತ್ತೆಯ ತಿಥಿಗೆ ಎಲ್ಲರೂ ಸೇರಿದ್ದೆವು. ಎಲೆಗೆ ಬಡಿಸಿದ ಮೇಲೆ ಭಾವ ಅತ್ತೆಯ ಫೋಟೋ ಕಡೆ ನೋಡಿ, "ಪಾಪ, ಗಸಗಸೆ ಅಲ್ಲಿ ಬಿಡುದಿಲ್ಲ ಅಂತ ಅಮ್ಮನಿಗೆ ಗೊತ್ತಿರ್ಲಿಲ್ಲ" ಎಂದರು. ಇಷ್ಟು ವರ್ಷದ ಮೇಲೆ ಅವರು ತಾಯಿಯನ್ನು ಕ್ಷಮಿಸುತ್ತಿದ್ದರು! ಮಾಡದ ತಪ್ಪಿಗೆ! ನನಗೆ ತಡೆಯಲಾಗಲಿಲ್ಲ. ಪಾತ್ರೆ ಕೆಳಗಿಟ್ಟು ಎಲ್ಲರ ಎದುರಿಗೇ ಹೇಳಿದೆ. ಸುಧಾಕರ "ವನಜಾ!" ಎಂದು ಗದರಿದರು. ನಾನು ನಿಲ್ಲಿಸಲಿಲ್ಲ.

ಭಾವ ಎಲೆ ಮಡಚಿ ಎದ್ದರು. ನನ್ನ ಮುಖ ನೋಡಿ, "ನನಗೆ ಹೇಳಿ ಎಂತ ಪ್ರಯೋಜನ? ಕೋವಿ ತಗೊಂಡವರಿಗೆ ಹೇಳು" ಎಂದರು.

ಮರುದಿನ ಒಬ್ಬಳೇ ಠಾಣೆಗೆ ಹೋದೆ. ಹಳೆಯ ಇನ್‌ಸ್ಪೆಕ್ಟರಿಗೆ ವರ್ಗವಾಗಿತ್ತು. ಹೊಸಬರು ಕೇಳಿ ಕೇಳಿ ನಕ್ಕರು. "ಗಸಗಸೆಯಾ ಅಮ್ಮ? ಇಷ್ಟು ವರ್ಷ ಆದ್ಮೇಲೆ ಇದನ್ನೆಲ್ಲ ಯಾರು ಬರ್ಕೊಳ್ತಾರೆ? ಮನೆಗೆ ಹೋಗಿ."

"ನಗಬೇಡಿ ಸಾರ್. ನೀವು ಬರ್ಕೊಳ್ಳದಿದ್ರೆ ನಾನೇ ಬರೀತೇನೆ" ಎಂದು ಎದ್ದು ಬಂದೆ.

ಅಲ್ ಖೌದಿನ ಅದೇ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇದರಿಂದ ಕೋವಿ ತಿರುಗಿ ಬರುವುದಿಲ್ಲ. ಭಾವ ನನ್ನೊಡನೆ ಇನ್ನೂ ಮಾತಾಡಿಲ್ಲ, ಮಾತಾಡಿ ಎಂದು ನಾನು ಕೇಳುವುದೂ ಇಲ್ಲ. ನಮ್ಮೂರಿನಲ್ಲಿ ಇದನ್ನು ಓದುವವರು ಮಾತ್ರ ಸರಿಯಾಗಿ ಓದಿಕೊಳ್ಳಲಿ. ನನ್ನ ಹೆಸರು ವನಜಾ. ಗಸಗಸೆ ಹಾಕಿದ್ದು ಜಯಕರ ಭಾವ ಅಲ್ಲ, ಅವರ ಅಮ್ಮನೂ ಅಲ್ಲ. ನಾನು.