ನೆಗೆಣ್ಣಿಯ ಪಿಲ್ಲರುಗಳು

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮೇಲೊಂದು ಕೋಣೆ ಕಟ್ಟಿಸುತ್ತಾಳೆಂದು ಕೇಳಿದ ದಿನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ನರೇಗಲ್‌ನ ನಮ್ಮ ಮನೆ ಪಾಲಾದಾಗ ನಡುವೆ ಉಳಿದದ್ದು ಒಂದೇ ಗೋಡೆ. ಆಚೆ ಅವಳು, ಈಚೆ ನಾನು. ಈ ಮನೆಗೆ ಮೊದಲು ಬಂದ ಸೊಸೆ ನಾನು. ಮೊದಲು ಮೇಲೇರುವವಳು ಅವಳೇ? ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮನೆ ಕಟ್ಟುವ ಗವಂಡಿ ಬಂದು ಗೋಡೆಯ ಬುಡ ಕೆದರಿ ನೋಡಿದ. "ಎರಿ ನೆಲಾರಿ ಇದು. ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿ ಬಂದ್ರ ಉಬ್ಬತೈತಿ. ಹಳೀ ಬುನಾದಿ ತಡ್ಯೂದಿಲ್ಲ. ಎರಡೂ ಕಡೆ ಅಗದು, ಗರಸಿನ ಗಟ್ಟಿ ನೆಲ ಹತ್ತೂತನಕ ಇಳದು ಕಾಂಕ್ರೀಟ್ ಹಾಕಬೇಕ್ರಿ," ಎಂದ. ಈಚೆ ಅಗೆಯಬೇಕಾದದ್ದು ನನ್ನ ಅಡುಗೆಮನೆ.

ನೆಗೆಣ್ಣಿ ತಾನೇ ಬಂದು ಕೇಳಿದಳು. "ಅಕ್ಕಾ, ನಾಕ ದಿನ ತ್ರಾಸ ಆಗತೈತಿ. ಅಡಿಗಿ ನಮ್ಮ ಕಡೇನ ಮಾಡೂಣು."

"ನನ್ನ ಒಲಿ ಕಿತ್ತು ನಿನ್ನ ಮನಿ ಏರಸಬೇಕೇನು? ಒಂದು ಗುದ್ದಲಿ ಬಿತ್ತಂದ್ರ ನೋಡು!"

ಅವಳು ತನ್ನ ಕಡೆಯಷ್ಟೇ ಆಳಕ್ಕೆ ಅಗೆಸಿ, ಗೋಡೆಗೆ ಒತ್ತಿ ಮೂರು ಪಿಲ್ಲರು ಎಬ್ಬಿಸಿದಳು. ಅವಳ ಪಡಸಾಲೆಯ ಎಷ್ಟೋ ಜಾಗ ಅವಕ್ಕೇ ಹೋಯಿತು. ಒಳಗೊಳಗೇ ಖುಷಿಪಟ್ಟೆ. ಆದರೆ ಮೇಲೆ ಕೋಣೆ ಎದ್ದಾಗ ಓಣಿಯ ಹೆಂಗಸರು ಸಂತೆ ಚೀಲ ಹಿಡಿದೇ ಹತ್ತಿ ನೋಡಿ ಬಂದರು. ನಾನು ಹೋಗಲಿಲ್ಲ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು," ಎಂದು ಕಟ್ಟೆಯ ಮೇಲೆ ಕೂತು ಅವರಿಗೆ ಕೇಳುವಂತೆ ಅಂದೆ.

ಮರುವರ್ಷ ಗಂಡನಿಗೆ ಗಂಟುಬಿದ್ದೆ. ಮಗಳು ಕಾಲೇಜು ಸೇರಿದ್ದಾಳೆ, ಓದಲು ಮೇಲೊಂದು ಕೋಣೆ ಬೇಕೇ ಬೇಕು ಎಂದೆ. ಅದರಲ್ಲಿ ಅರ್ಧ ಖರೇ. ಅದೇ ಗವಂಡಿ ಬಂದ.

"ನಡುಗೋಡಿ ಚಿಂತಿ ಬ್ಯಾಡ್ರಿ. ನಿಮ್ಮ ನೆಗೆಣ್ಣಿ ಅವಾಗ ಪಿಲ್ಲರು ದಪ್ಪ ಹಾಕಿಸ್ಯಾರ. 'ನಾಳೆ ಅಕ್ಕನೂ ಕಟ್ಟತಾಳ, ಆಕೀ ಮನೀನೂ ಇವು ತಡೀಬೇಕು' ಅಂದಿದ್ರು."

ಅವಳು ಜಗಳವಾಡಿದ್ದರೆ ಸಹಿಸುತ್ತಿದ್ದೆ. ಒಳ್ಳೆಯವಳು ಅನ್ನಿಸಿಕೊಳ್ಳುವುದೂ ಅವಳ ಪಾಲಿಗೇ ಹೋಗಬೇಕೇ?

"ಕಟ್ಟೂದು ಬ್ಯಾಡ, ಹೋಗ್ರಿ," ಎಂದೆ.

"ತಲಿ ಕೆಟ್ಟೈತೇನ ನಿನಗ?" ಎಂದರು ಗಂಡ. ಕೆಟ್ಟಿತ್ತು. ಅವಳ ಪಿಲ್ಲರಿನ ಮೇಲೆ ನನ್ನ ಮನೆ ನಿಲ್ಲುವುದು ನನಗೆ ಬೇಡವಾಗಿತ್ತು.

ಮಗಳು ಒಂದು ವಾರ ಮಾತು ಬಿಟ್ಟಳು. ಆಮೇಲೆ ಪುಸ್ತಕ ಎತ್ತಿಕೊಂಡು ಚಿಗವ್ವನ, ಅದೇ ನನ್ನ ನೆಗೆಣ್ಣಿಯ, ಮೇಲಿನ ಕೋಣೆಗೆ ಹೋದಳು. ಈಗ ಓದೆಲ್ಲ ಅಲ್ಲೇ. ಸಂಜೆ ಊಟಕ್ಕೆ ಕರೆಯಲು ನಾನು ಅಂಗಳದಲ್ಲಿ ನಿಂತು, ತಲೆ ಎತ್ತಿ ಕೂಗಬೇಕು.

"ನಂದು ಇಲ್ಲೇ ಆತವ್ವಾ, ನೀ ಉಣ್ಣು," ಎನ್ನುತ್ತಾಳೆ.